ಬಣ್ಣದಡಿಯ ಟೋಪಿ: ದವೀದ್ ಬರೆದ ಲವಾಸಿಯೆ ದಂಪತಿಗಳ ಭಾವಚಿತ್ರ

(ಕಲಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಆದರಣೀಯ ಸಭಿಕರೇ,

ಇಂದು ನಾನು ಮಾತನಾಡಬೇಕೆಂದಿರುವುದು ಒಂದೇ ಒಂದು ಚಿತ್ರವನ್ನು ಕುರಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಈ ತೈಲಚಿತ್ರ ಸುಮಾರು 260 ಸೆಂಟಿಮೀಟರ್ ಎತ್ತರ ಮತ್ತು 195 ಸೆಂಟಿಮೀಟರ್ ಅಗಲವಿದೆ. ಫ್ರಾನ್ಸಿನ ಜಾಕ್ ಲೂಯಿ ದವೀದ್ ಇದನ್ನು ಬರೆದು ಮುಗಿಸಿದ್ದು 1788ರಲ್ಲಿ, ಅಂದರೆ ಫ್ರೆಂಚ್ ಕ್ರಾಂತಿಗೆ ಒಂದು ವರ್ಷ ಮೊದಲು. ಚಿತ್ರದಲ್ಲಿರುವವರು ರಸಾಯನ ವಿಜ್ಞಾನಿ ಆಂತ್ವಾನ್ ಲವಾಸಿಯೆ ಮತ್ತು ಅವನ ಪತ್ನಿ ಮರೀ-ಆನ್. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹಣವಂತ ಕುಲೀನ ಕುಟುಂಬಗಳು ತಮ್ಮ ಭಾವಚಿತ್ರಗಳನ್ನು ಬರೆಸಿಕೊಳ್ಳುವುದು ಸಾಮಾನ್ಯವಾಗಿತ್ತು. ಅಂಥ ಸಾವಿರಾರು ಚಿತ್ರಗಳು ಇಂದಿಗೂ ಉಳಿದಿವೆ. ಅವುಗಳ ನಡುವೆ ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಒಂದೇ ಕ್ಯಾನ್ವಾಸಿನ ಮೇಲೆ ಒಂದರ ಮೇಲೊಂದು ಎರಡು ಚಿತ್ರಗಳಿವೆ. ಕೆಳಗಿನದು ಸಿರಿವಂತ ದಂಪತಿಗಳ ಚಿತ್ರ, ಮೇಲಿನದು ದುಡಿಯುವ ವಿಜ್ಞಾನಿಗಳ ಚಿತ್ರ. ಕೆಳಗಿನದು 2021ರವರೆಗೆ ಲೋಕಕ್ಕೆ ಗೊತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗಲೇ ಈ ದಂಪತಿಗಳೂ, ಇವರನ್ನು ಬರೆದ ಕಲಾವಿದನೂ, ಅವರ ಕಾಲವೂ ನಮಗೆ ಸರಿಯಾಗಿ ಕಾಣುತ್ತವೆ ಎಂಬುದು ನನ್ನ ನಿಲುವು.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ಲವಾಸಿಯೆ ಕಪ್ಪು ಉಡುಪು ತೊಟ್ಟು ಮೇಜಿನ ಬಳಿ ಕುಳಿತಿದ್ದಾನೆ. ಕೈಯಲ್ಲಿ ಗರಿಯ ಲೇಖನಿ, ಮುಂದೆ ಬರವಣಿಗೆಯ ಹಾಳೆಗಳು. ಮೇಜಿಗೆ ನೆಲ ಮುಟ್ಟುವಂತೆ ಕಡುಗೆಂಪು ಮಖಮಲ್ಲಿನ ಬಟ್ಟೆ ಹೊದಿಸಿದೆ, ಅದರಡಿಯಿಂದ ಅವನ ಒಂದು ಕಾಲು ಮುಂದಕ್ಕೆ ಉದ್ದವಾಗಿ ಚಾಚಿದೆ. ಪಕ್ಕದಲ್ಲಿ ಬಿಳಿಯ ಉಡುಪಿನ ಮರೀ-ಆನ್ ನಿಂತು ಗಂಡನ ಭುಜದ ಮೇಲೆ ಒರಗಿದ್ದಾಳೆ. ಆಕೆಯ ಸೊಂಟದಲ್ಲಿ ನೀಲಿ ಪಟ್ಟಿ, ತಲೆಯ ತುಂಬ ಗುಂಗುರಾದ ಕೇಶರಾಶಿ. ಲವಾಸಿಯೆ ಬರೆಯುವುದನ್ನು ನಿಲ್ಲಿಸಿ ಕತ್ತೆತ್ತಿ ಹೆಂಡತಿಯನ್ನು ನೋಡುತ್ತಿದ್ದಾನೆ. ಹೆಂಡತಿ ನಮ್ಮನ್ನು ನೋಡುತ್ತಿದ್ದಾಳೆ. ನೋಟದ ಈ ದಾರಿಯನ್ನು ಗಮನಿಸಬೇಕು. ಜಗತ್ತಿಗೆ ಪ್ರಸಿದ್ಧನಾದವನ ಕಣ್ಣು ನಮಗೆ ಸಿಗುವುದೇ ಇಲ್ಲ. ಅವನ ಗಮನವನ್ನು ಹಿಂಬಾಲಿಸಿದರೆ ನಾವು ತಲುಪುವುದು ಆಕೆಯ ಮುಖಕ್ಕೆ. ಚಿತ್ರದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದೂ, ಎಲ್ಲಕ್ಕಿಂತ ಹೆಚ್ಚು ಬೆಳಕು ಬಿದ್ದಿರುವುದೂ ಆಕೆಯ ಮೇಲೆಯೇ.

ಮೇಜಿನ ಮೇಲೆ ಗಾಜಿನ ಉಪಕರಣಗಳಿವೆ. ಬಲಗಡೆ ನೆಲದ ಮೇಲೆ ಒಂದು ದೊಡ್ಡ ಗಾಜಿನ ಬುರುಡೆ ಇದೆ, ಅದರ ಬಾಯಿಗೆ ಹಿತ್ತಾಳೆಯ ತಿರುಪಿನ ಬಿರಡೆ ಹಾಕಿದೆ. ಅನಿಲಗಳನ್ನು ತುಂಬಿ ತೂಗಲು ಬಳಸುತ್ತಿದ್ದ ಪಾತ್ರೆ ಇದು. ದವೀದ್ ಈ ಗಾಜನ್ನು ಬರೆದಿರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪಾರದರ್ಶಕವಾದ ವಸ್ತುವಿಗೆ ತನ್ನದೇ ಬಣ್ಣವಿಲ್ಲ. ಅದರ ಹಿಂದಿನದನ್ನು ತುಸು ಮಂಕಾಗಿಸಿ, ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಎಳೆದು, ಉಬ್ಬಿನ ಮೇಲೆ ಬೆಳಕಿನ ಪ್ರತಿಫಲನವನ್ನು ಇಟ್ಟರೆ ಮಾತ್ರ ಅದು ಗಾಜೆಂದು ಕಣ್ಣು ನಂಬುತ್ತದೆ. ಇತಿಹಾಸ, ಪುರಾಣಗಳ ದೊಡ್ಡ ದೊಡ್ಡ ಪ್ರಸಂಗಗಳನ್ನು ಬರೆದು ಹೆಸರಾದ ಕಲಾವಿದನೊಬ್ಬ ಪ್ರಯೋಗಶಾಲೆಯ ಒಂದು ಪಾತ್ರೆಗೆ ಇಷ್ಟು ನಿಷ್ಠೆ ತೋರಿಸಿರುವುದನ್ನು ಕಂಡಾಗ ನನಗೆ ಅವನ ಮೇಲಿನ ಗೌರವ ಹೆಚ್ಚುತ್ತದೆ. ಇನ್ನು ಎಡಗಡೆ, ಮರೀ-ಆನ್‌ಳ ಹಿಂದೆ, ಒಂದು ಕುರ್ಚಿ. ಅದರ ಮೇಲೆ ರೇಖಾಚಿತ್ರಗಳನ್ನು ಇಡುವ ದೊಡ್ಡ ಕಡತ. ಅವಸರದಲ್ಲಿ ನೋಡುವವರು ಇದನ್ನು ದಾಟಿ ಹೋಗುತ್ತಾರೆ. ಈ ಕಡತಕ್ಕೆ ನಾವು ಮತ್ತೆ ಬರಬೇಕಾಗಿದೆ.

ನಮ್ಮಲ್ಲಿ ಹೆಚ್ಚಿನವರಿಗೆ ಲವಾಸಿಯೆ ಎಂದರೆ ಶಾಲೆಯ ವಿಜ್ಞಾನ ಪಠ್ಯದಲ್ಲಿ ದ್ರವ್ಯರಾಶಿ ಸಂರಕ್ಷಣಾ ನಿಯಮದ ಜೊತೆ ಬರುವ ಒಂದು ಹೆಸರು. ಉರಿಯುವಿಕೆಯಲ್ಲಿ ಆಮ್ಲಜನಕದ ಪಾತ್ರವನ್ನು ವಿವರಿಸಿದವನು, ನೀರು ಮೂಲವಸ್ತುವಲ್ಲ, ಎರಡು ಅನಿಲಗಳ ಸಂಯುಕ್ತ ಎಂದು 1783ರಲ್ಲಿ ಸಾರಿದವನು. ಆದರೆ ಅವನ ಹೊಟ್ಟೆ ತುಂಬಿಸುತ್ತಿದ್ದುದು ರಸಾಯನಶಾಸ್ತ್ರವಲ್ಲ. ವಿಜ್ಞಾನ ಅಕಾಡೆಮಿಯ ಸದಸ್ಯನಾದ 1768ರಲ್ಲೇ ಆತ ‘ಫೆರ್ಮ್ ಜೆನೆರಾಲ್’ ಎಂಬ ಕೂಟದಲ್ಲಿ ಪಾಲು ಕೊಂಡಿದ್ದ. ನಮ್ಮಲ್ಲಿ ಹಿಂದೆ ಸುಂಕದ ಇಜಾರೆ, ಹೆಂಡದ ಇಜಾರೆಗಳನ್ನು ಹರಾಜಿನಲ್ಲಿ ಹಿಡಿಯುತ್ತಿದ್ದಂತೆ, ಫ್ರಾನ್ಸಿನ ಈ ಕೂಟ ಅರಸನಿಗೆ ಗೊತ್ತಾದ ಮೊತ್ತವನ್ನು ಕೊಟ್ಟು, ಉಪ್ಪು, ತಂಬಾಕು ಮತ್ತು ಪ್ಯಾರಿಸ್ಸಿಗೆ ಬರುವ ಸರಕುಗಳ ಮೇಲಿನ ತೆರಿಗೆಯನ್ನು ತಾನೇ ವಸೂಲು ಮಾಡಿಕೊಳ್ಳುತ್ತಿತ್ತು. ಜನರು ಅತಿಯಾಗಿ ದ್ವೇಷಿಸುತ್ತಿದ್ದ ಸಂಸ್ಥೆಗಳಲ್ಲಿ ಇದೂ ಒಂದು. ಲವಾಸಿಯೆಯ ಕುಲೀನ ಪದವಿಯೂ ವಂಶಪಾರಂಪರ್ಯವಾಗಿ ಶತಮಾನಗಳಿಂದ ಬಂದದ್ದಲ್ಲ. ಅವನ ತಂದೆ ಹಣ ಕೊಟ್ಟು ಕೊಂಡ ಹುದ್ದೆಯಿಂದ ದೊರೆತದ್ದು. ಅದೇ ಇಜಾರೆದಾರರ ಕೂಟದ ಇನ್ನೊಬ್ಬ ಸದಸ್ಯ ಜಾಕ್ ಪೋಲ್ಜ್‌ನ ಮಗಳೇ ಮರೀ-ಆನ್. 1771ರ ಡಿಸೆಂಬರಿನಲ್ಲಿ ಮದುವೆಯಾದಾಗ ಆಕೆಗೆ 13 ವರ್ಷ, ಅವನಿಗೆ 28. ಆಕೆಯನ್ನು ಬಹಳ ಹೆಚ್ಚು ವಯಸ್ಸಿನ ಒಬ್ಬ ಕೌಂಟ್‌ಗೆ ಕೊಡಬೇಕೆಂದು ಬಂದಿದ್ದ ಒತ್ತಡದಿಂದ ಪಾರಾಗಲು ತಂದೆ ಈ ಸಂಬಂಧವನ್ನು ಬೇಗ ಮುಗಿಸಿದ್ದ. 1775ರಲ್ಲಿ ಲವಾಸಿಯೆಗೆ ಸರ್ಕಾರಿ ಸಿಡಿಮದ್ದಿನ ಆಡಳಿತದ ಹೊಣೆ ಬಂದ ಮೇಲೆ ದಂಪತಿಗಳು ಪ್ಯಾರಿಸ್ಸಿನ ಆರ್ಸೆನಾಲ್‌ನಲ್ಲಿ, ಅಂದರೆ ಶಸ್ತ್ರಾಗಾರದಲ್ಲಿ, ಮನೆ ಮಾಡಿದರು. ಪ್ರಯೋಗಶಾಲೆಯೂ ಅಲ್ಲಿಯೇ ಇತ್ತು.

ಇನ್ನು ಕಲಾವಿದನ ವಿಚಾರ. ದವೀದ್ ಹುಟ್ಟಿದ್ದು 1748ರಲ್ಲಿ, ಪ್ಯಾರಿಸ್ಸಿನಲ್ಲಿ. ಒಂಬತ್ತು ವರ್ಷದವನಿದ್ದಾಗ ತಂದೆ ದ್ವಂದ್ವಯುದ್ಧದಲ್ಲಿ ಸತ್ತ. ರೋಮಿಗೆ ಹೋಗಿ ಕಲಿಯುವ ಅವಕಾಶ ಕೊಡುತ್ತಿದ್ದ ಅಕಾಡೆಮಿಯ ಬಹುಮಾನಕ್ಕಾಗಿ ಮತ್ತೆ ಮತ್ತೆ ಸ್ಪರ್ಧಿಸಿ ಸೋತು, ಒಮ್ಮೆ ಅನ್ನ ಬಿಟ್ಟು ಪ್ರಾಣ ಬಿಡಲು ಹೊರಟು, ಕೊನೆಗೆ 1774ರಲ್ಲಿ ಅದನ್ನು ಗೆದ್ದ. 1775ರಿಂದ 1780ರವರೆಗೆ ರೋಮಿನಲ್ಲಿ ಪ್ರಾಚೀನ ಶಿಲ್ಪಗಳನ್ನು ನೋಡಿ ನೋಡಿ ಬರೆದುಕೊಂಡ. ಹರ್ಕ್ಯುಲೇನಿಯಂ ಮತ್ತು ಪಾಂಪೆಯ ಉತ್ಖನನಗಳು ಆ ಶತಮಾನದ ನಡುಭಾಗದಿಂದ ಯುರೋಪಿನ ಅಭಿರುಚಿಯನ್ನೇ ಬದಲಿಸಿದ್ದವು. ಅರಮನೆಯ ಒಳಾಂಗಣಗಳಿಗೆಂದು ಹುಟ್ಟಿದ್ದ ಬಳುಕು ಬಳ್ಳಿಯ, ಗುಲಾಬಿ ಬಣ್ಣದ ರೊಕೊಕೊ ಶೈಲಿ ಹಿಂದೆ ಸರಿದು, ಗ್ರೀಕ್ ಮತ್ತು ರೋಮನ್ ಕಲೆಯ ಸಂಯಮವನ್ನು ಮಾದರಿಯಾಗಿಟ್ಟುಕೊಂಡ ನವ-ಅಭಿಜಾತ ಶೈಲಿ, ಅಂದರೆ ನಿಯೋಕ್ಲಾಸಿಕಲ್ ಶೈಲಿ, ಮುಂದೆ ಬಂತು. ಸ್ಪಷ್ಟವಾದ ಹೊರರೇಖೆ, ಕುಂಚದ ಗುರುತು ಉಳಿಯದಂತೆ ನಯವಾಗಿಸಿದ ಮೇಲ್ಮೈ, ಅಲಂಕಾರವಿಲ್ಲದ ಹಿನ್ನೆಲೆ, ಶಿಲಾಫಲಕದಲ್ಲಿ ಕೆತ್ತಿದಂತೆ ಮುಂಭಾಗದಲ್ಲೇ ನಿಲ್ಲಿಸಿದ ಆಕೃತಿಗಳು: 1785ರಲ್ಲಿ ಪ್ರದರ್ಶಿತವಾದ ‘ಹೊರೇಷಿಯಸ್ ಸಹೋದರರ ಪ್ರತಿಜ್ಞೆ’ಯಲ್ಲಿ ದವೀದ್ ಇವೆಲ್ಲವನ್ನೂ ಒಂದು ಕಡೆ ತಂದ. 1787ರಲ್ಲಿ ‘ಸಾಕ್ರಟೀಸನ ಮರಣ’ ಬಂತು. ಅದೂ ಈಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೇ ಇದೆ.

ಲವಾಸಿಯೆ ದಂಪತಿಗಳ ಹಿಂದಿನ ಗೋಡೆಯನ್ನು ಈಗ ಮತ್ತೊಮ್ಮೆ ನೋಡಿ. ಬೂದು ಬಣ್ಣದ ಗೋಡೆ, ಅದರಲ್ಲಿ ಸರಳವಾದ ಚಪ್ಪಟೆ ಕಂಬಗಳು. ಚಿತ್ರಪಟವಿಲ್ಲ, ಕನ್ನಡಿಯಿಲ್ಲ, ಪರದೆಯಿಲ್ಲ. ಇದು ಪ್ರತಿಜ್ಞೆಯ ಚಿತ್ರದ ಖಾಲಿ ಹಿನ್ನೆಲೆಗೆ ಸೇರಿದ ಗೋಡೆ. ಆಕೃತಿಗಳ ಜೋಡಣೆ ಮಾತ್ರ ಬೇರೊಂದು ಕಡೆಯಿಂದ ಬಂದಂತಿದೆ. ಇದೇ ಕಾಲದಲ್ಲಿ ದವೀದ್ ಅರಸನ ತಮ್ಮನಿಗಾಗಿ ‘ಪ್ಯಾರಿಸ್ ಮತ್ತು ಹೆಲೆನ್’ ಎಂಬ, ಗ್ರೀಕ್ ಪುರಾಣದ ಇಬ್ಬರು ಪ್ರೇಮಿಗಳ ಚಿತ್ರವನ್ನು ಬರೆಯುತ್ತಿದ್ದ. ಅದರಲ್ಲಿಯೂ ಕುಳಿತ ಗಂಡಸು, ಅವನಿಗೆ ಒರಗಿ ನಿಂತ ಹೆಣ್ಣು. ಅಲ್ಲಿ ಪ್ಯಾರಿಸ್‌ನ ಕೈಯಲ್ಲಿರುವುದು ತಂತಿವಾದ್ಯ, ಇಲ್ಲಿ ಲವಾಸಿಯೆಯ ಕೈಯಲ್ಲಿರುವುದು ಲೇಖನಿ. ಪುರಾಣದ ಪ್ರೇಮಿಗಳ ಭಂಗಿಯನ್ನು ದವೀದ್ ಸಮಕಾಲೀನ ದಂಪತಿಗಳಿಗೆ ಕೊಟ್ಟನೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಹೇಳಿದ ಕೂಡಲೇ ಮರೀ-ಆನ್‌ಳನ್ನು ಗಂಡನಿಗೆ ಸ್ಫೂರ್ತಿ ಕೊಡುವ ಕಲಾದೇವತೆ ಎಂದು ಓದುವ ಪ್ರಲೋಭನೆಯೂ ಹುಟ್ಟುತ್ತದೆ. ಆ ಓದು ಸಾಲದು ಎಂಬುದನ್ನು ಕುರ್ಚಿಯ ಮೇಲಿನ ಕಡತವೇ ಹೇಳುತ್ತದೆ.

ಮರೀ-ಆನ್ 1780ರ ದಶಕದ ಮಧ್ಯದಲ್ಲಿ ದವೀದನ ಬಳಿಯೇ ಚಿತ್ರಕಲೆ ಕಲಿತವಳು. ಅಂದರೆ ಈ ಚಿತ್ರದಲ್ಲಿ ನಿಂತಿರುವವಳು ಬರೆಯುತ್ತಿರುವವನ ಶಿಷ್ಯೆ. ಬೆಂಜಮಿನ್ ಫ್ರಾಂಕ್ಲಿನ್‌ನ ಭಾವಚಿತ್ರವನ್ನು ಆಕೆ ಬರೆದು ಕಳುಹಿಸಿದ್ದಳು; ಅದಕ್ಕೆ ಫ್ರಾಂಕ್ಲಿನ್ 1788ರ ಅಕ್ಟೋಬರಿನಲ್ಲಿ ಕೃತಜ್ಞತೆಯ ಪತ್ರ ಬರೆದ. ಇಂಗ್ಲಿಷ್ ಕಲಿತು, ಗಂಡನಿಗೆ ಓದಲಾಗದ ಬ್ರಿಟಿಷ್ ರಸಾಯನಶಾಸ್ತ್ರ ಗ್ರಂಥಗಳನ್ನು ಫ್ರೆಂಚಿಗೆ ತಂದಳು. ಉರಿಯುವಾಗ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬ ಅಂಶ ಹೊರಹೋಗುತ್ತದೆ ಎಂಬ ಹಳೆಯ ವಾದವನ್ನು ಸಮರ್ಥಿಸಿದ್ದ ರಿಚರ್ಡ್ ಕರ್ವಾನ್‌ನ ಗ್ರಂಥದ ಆಕೆಯ ಅನುವಾದ, ಲವಾಸಿಯೆ ಮತ್ತು ಸಂಗಡಿಗರ ಖಂಡನೆಯ ಟಿಪ್ಪಣಿಗಳೊಂದಿಗೆ 1788ರಲ್ಲೇ ಅಚ್ಚಾಯಿತು. ಮರುವರ್ಷ ಹೊರಬಂದ ಲವಾಸಿಯೆಯ ರಸಾಯನಶಾಸ್ತ್ರದ ಮೂಲಗ್ರಂಥದಲ್ಲಿ ಉಪಕರಣಗಳ 13 ಫಲಕಗಳಿವೆ. ಅವುಗಳನ್ನು ಬರೆದು ತಾಮ್ರದ ತಗಡಿನ ಮೇಲೆ ಕೊರೆದವಳು ಆಕೆ; ಫಲಕಗಳ ಮೂಲೆಯಲ್ಲಿ ತವರಿನ ಹೆಸರು ಮತ್ತು ಗಂಡನ ಹೆಸರು ಎರಡನ್ನೂ ಕೂಡಿಸಿ, ಕೊರೆದವಳು ತಾನೆಂದು ಲ್ಯಾಟಿನ್‌ನಲ್ಲಿ ಸಹಿ ಹಾಕಿದ್ದಾಳೆ. ಆ ಗ್ರಂಥವನ್ನು ಓದಿ ದೂರದೇಶದಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕೆನ್ನುವವನಿಗೆ, ನಳಿಗೆ ಎಲ್ಲಿ ಬಾಗಬೇಕು, ಬಿರಡೆ ಎಲ್ಲಿ ಕೂರಬೇಕು, ಯಾವ ಪಾತ್ರೆ ಯಾವುದರೊಳಗೆ ಹೋಗಬೇಕು ಎಂಬುದನ್ನು ತಿಳಿಸಿಕೊಟ್ಟದ್ದು ಈ ಫಲಕಗಳು. ಲವಾಸಿಯೆಯ ರಸಾಯನಶಾಸ್ತ್ರ ತೂಕ ಮತ್ತು ಅಳತೆಯ ಮೇಲೆ ನಿಂತದ್ದಾದ್ದರಿಂದ ಉಪಕರಣದ ನಿಖರ ಚಿತ್ರ ಅದರಲ್ಲಿ ಅಲಂಕಾರವಾಗಿರಲಿಲ್ಲ, ವಾದದ ಭಾಗವೇ ಆಗಿತ್ತು. ಉಸಿರಾಟದ ಪ್ರಯೋಗಗಳ ಬಗ್ಗೆ ಆಕೆ ಬರೆದ ಎರಡು ರೇಖಾಚಿತ್ರಗಳೂ ಉಳಿದಿವೆ. ಸಹಾಯಕ ಸೆಗ್ವಾಂ ಮುಖಕ್ಕೆ ಮುಚ್ಚಿಗೆ ಹಾಕಿಕೊಂಡು ಉಸಿರಾಡುತ್ತಿದ್ದಾನೆ, ಸುತ್ತ ಕೆಲಸ ನಡೆದಿದೆ. ಪಕ್ಕದ ಮೇಜಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿರುವ ಹೆಂಗಸಾಗಿ ಆಕೆ ತನ್ನನ್ನೇ ಚಿತ್ರಿಸಿಕೊಂಡಿದ್ದಾಳೆ. ದವೀದ್ ಆಕೆಯ ಸೌಂದರ್ಯಕ್ಕೆ ಕೊಟ್ಟಷ್ಟು ಜಾಗವನ್ನು ಕೆಲಸಕ್ಕೆ ಕೊಡಲಿಲ್ಲ, ಕಡತವನ್ನು ನೆರಳಿನ ಕುರ್ಚಿಯ ಮೇಲಿಟ್ಟ ಎಂದು ನಾನು ಆಕ್ಷೇಪಿಸುತ್ತೇನೆ. ಆದರೂ ಅದನ್ನು ಅಲ್ಲಿ ಇಟ್ಟದ್ದಂತೂ ನಿಜ.

ಕುಲೀನ ಕುಟುಂಬಗಳ ಭಾವಚಿತ್ರಗಳಲ್ಲಿ ಸಾಮಾನ್ಯವಾಗಿ ಮಕ್ಕಳು ಮುಂದೆ ಇರುತ್ತಾರೆ. ವಂಶ ಮುಂದುವರಿಯುತ್ತದೆ, ಆಸ್ತಿಗೆ ವಾರಸುದಾರನಿದ್ದಾನೆ ಎಂದು ತೋರಿಸುವುದು ಅಂಥ ಚಿತ್ರಗಳ ಮುಖ್ಯ ಉದ್ದೇಶಗಳಲ್ಲಿ ಒಂದು. ಲವಾಸಿಯೆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಅವರ ಅಕ್ಕಪಕ್ಕದಲ್ಲಿರುವುದು ಒಂದು ಕಡೆ ರೇಖಾಚಿತ್ರಗಳ ಕಡತ, ಇನ್ನೊಂದು ಕಡೆ ಗಾಜಿನ ಪಾತ್ರೆಗಳು. ತಮ್ಮ ಹೆಸರನ್ನು ಉಳಿಸುವುದು ಇವು ಎಂದು ಈ ಇಬ್ಬರೂ ತೀರ್ಮಾನಿಸಿದ್ದರು ಎಂದೇ ನಾನು ಓದುತ್ತೇನೆ.

ಈ ತೀರ್ಮಾನ ಚಿತ್ರ ಬರೆಯುತ್ತಿದ್ದಾಗಲೇ ನಡುವೆ ಬಂದದ್ದು ಎಂಬುದು ಈಗ ತಿಳಿದುಬಂದಿದೆ. 2019ರಲ್ಲಿ ಮ್ಯೂಸಿಯಂನವರು ಮೇಲ್ಮೈಯ ಹಳೆಯ ವಾರ್ನಿಷ್ ತೆಗೆಯಲೆಂದು ಚಿತ್ರವನ್ನು ಗೋಡೆಯಿಂದ ಇಳಿಸಿದರು. ಸಂರಕ್ಷಣಾ ತಜ್ಞೆ ಡೊರೊತಿ ಮಾಹನ್ ಅವರು ಕೆಲಸ ಮಾಡುತ್ತಿದ್ದಾಗ ಮರೀ-ಆನ್‌ಳ ತಲೆಯ ಮೇಲ್ಭಾಗದ ಬಣ್ಣದಡಿಯಿಂದ ಕೆಂಪು ಇಣುಕುತ್ತಿರುವುದನ್ನೂ, ಕೆಲವು ಕಡೆ ಬಣ್ಣ ವಿಚಿತ್ರವಾಗಿ ಬಿರುಕು ಬಿಟ್ಟಿರುವುದನ್ನೂ ಕಂಡರು. ಒಣಗಿದ ಬಣ್ಣದ ಮೇಲೆ ಮತ್ತೊಂದು ಪದರ ಬಳಿದಾಗ ಇಂಥ ಬಿರುಕುಗಳು ಮೂಡುವುದುಂಟು. ಮ್ಯೂಸಿಯಂನ ವಿಜ್ಞಾನಿ ಸಿಲ್ವಿಯಾ ಸೆಂಟೆನೊ ಅವರು ಅವಕೆಂಪು ಕಿರಣ ಮತ್ತು ಕ್ಷ-ಕಿರಣ ಪ್ರತಿದೀಪ್ತಿ ವಿಧಾನಗಳಿಂದ ಇಡೀ ಕ್ಯಾನ್ವಾಸನ್ನು ಪರೀಕ್ಷಿಸಿದರು. ಕಲಾ ಇತಿಹಾಸದ ಕಡೆಯಿಂದ ಕ್ಯುರೇಟರ್ ಡೇವಿಡ್ ಪುಲಿನ್ಸ್ ಅವರು ಜೊತೆಗಿದ್ದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು.

ಮೊದಲ ಚಿತ್ರದಲ್ಲಿ ಮರೀ-ಆನ್‌ಳ ತಲೆಯ ಮೇಲೆ ಒಂದು ಬೃಹತ್ ಟೋಪಿ ಇತ್ತು, ರಿಬ್ಬನ್ನುಗಳಿಂದ ಮತ್ತು ಕೃತಕ ಹೂಗಳಿಂದ ಸಿಂಗರಿಸಿದ್ದು. 1787ರ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ಸಾಲಿಯೇರಿಯ ‘ತರಾರ್’ ಆಪೆರಾದ ಹೆಸರಿನಲ್ಲಿ ಆಗ ಫ್ಯಾಷನ್ ಆಗಿದ್ದ ಟೋಪಿಯ ಬಗೆ ಇದು. ಈಗ ಕೆಂಪು ಬಟ್ಟೆ ಮುಚ್ಚಿರುವ ಜಾಗದಲ್ಲಿ, ಚಿನ್ನದ ಲೇಪದ ಕಂಚಿನ ಅಲಂಕಾರವಿದ್ದ ಬೆಲೆಬಾಳುವ ಬರವಣಿಗೆಯ ಮೇಜು ಇತ್ತು. ಹಿಂದೆ ಬೋಳು ಗೋಡೆಯ ಬದಲು ಪುಸ್ತಕದ ಕಪಾಟು ಇತ್ತು. ಲವಾಸಿಯೆಯ ಉಡುಪೂ ಬೇರೆಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಇಂದು ಈ ಚಿತ್ರದ ಪ್ರಾಣದಂತಿರುವ ಒಂದು ಉಪಕರಣವೂ ಅದರಲ್ಲಿರಲಿಲ್ಲ. ಅಲ್ಲಿದ್ದವರು ಹೊಸ ಫ್ಯಾಷನ್ನಿನ ಹೆಂಡತಿ ಮತ್ತು ಕಾಗದಪತ್ರಗಳ ನಡುವೆ ಕುಳಿತ ಸಿರಿವಂತ ತೆರಿಗೆ ಇಜಾರೆದಾರ.

ಈ ಶೋಧದ ವಿಧಾನದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕ್ಷ-ಕಿರಣ ತಾಗಿದಾಗ ಪ್ರತಿಯೊಂದು ಧಾತುವೂ ತನಗೆ ಮಾತ್ರ ಸೇರಿದ ಶಕ್ತಿಯ ಕಿರಣಗಳನ್ನು ಹೊರಸೂಸುತ್ತದೆ. ಯಂತ್ರವು ಚಿತ್ರದ ಮೇಲೆ ಬಿಂದುವಿನಿಂದ ಬಿಂದುವಿಗೆ ನಿಧಾನವಾಗಿ ಸರಿಯುತ್ತ, ಸೀಸ ಎಲ್ಲಿದೆ, ಪಾದರಸ ಎಲ್ಲಿದೆ, ಕಬ್ಬಿಣ ಎಲ್ಲಿದೆ, ತಾಮ್ರ ಎಲ್ಲಿದೆ ಎಂದು ಒಂದೊಂದಕ್ಕೂ ಬೇರೆ ಬೇರೆ ನಕ್ಷೆಯನ್ನು ಕೊಡುತ್ತದೆ. ಸೀಸ ಕಂಡಲ್ಲಿ ಬಿಳಿ ಬಣ್ಣವಿರಬಹುದು, ಪಾದರಸ ಕಂಡಲ್ಲಿ ಇಂಗಳೀಕದ ಕೆಂಪು. ಮೇಲಿನ ಬಣ್ಣಕ್ಕೆ ಹೊಂದದ ಕಡೆ ಇವು ಕಾಣಿಸಿದಾಗ ಕೆಳಗೆ ಇನ್ನೇನೋ ಇದೆ ಎಂದರ್ಥ. ಟೋಪಿಯ ಆಕಾರ ಬೆಳಕಿಗೆ ಬಂದದ್ದು ಹೀಗೆ. ಧಾತು ಎಂದರೆ ಇನ್ನಷ್ಟು ವಿಭಜಿಸಲಾಗದ ಸರಳ ವಸ್ತು ಎಂದು ನಿಶ್ಚಯಿಸಿ, ಅಂಥ 33 ವಸ್ತುಗಳ ಪಟ್ಟಿಯನ್ನು 1789ರ ಗ್ರಂಥದಲ್ಲಿ ಕೊಟ್ಟವನು ಲವಾಸಿಯೆ. ಸೀಸ, ಪಾದರಸ, ಕಬ್ಬಿಣ, ತಾಮ್ರ ನಾಲ್ಕೂ ಆ ಪಟ್ಟಿಯಲ್ಲಿವೆ. ದವೀದ್ ಈ ಚಿತ್ರವನ್ನು ತಿದ್ದುತ್ತಿದ್ದಾಗ ಲವಾಸಿಯೆ ಆ ಗ್ರಂಥವನ್ನು ಸಿದ್ಧಪಡಿಸುತ್ತಿದ್ದ. ಅಲ್ಲಿ ನೆಲೆಗೊಂಡ ಧಾತುಗಳ ವಿಚಾರವೇ ಇನ್ನೂರು ಮೂವತ್ತು ವರ್ಷಗಳ ಬಳಿಕ ಆ ತಿದ್ದುಪಡಿಯನ್ನು ಓದಲು ನೆರವಾಯಿತು.

ತಿದ್ದಿದ್ದು ಏಕೆ? ಕ್ರಾಂತಿಯ ಭಯದಿಂದ ಸಿರಿವಂತಿಕೆಯನ್ನು ಮರೆಮಾಡಿದರು ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ, ಆದರೆ ಕಾಲ ಹೊಂದುವುದಿಲ್ಲ. ಚಿತ್ರದ ಮೇಲೆ ದವೀದ್ ಲ್ಯಾಟಿನ್‌ನಲ್ಲಿ ಬರೆದ ಸಹಿ 1788ರದು. 7,000 ಲೀವ್ರ್‌ಗಳ ದೊಡ್ಡ ಸಂಭಾವನೆ ಅವನಿಗೆ ಸಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಕ್ರಾಂತಿಯ ಆರಂಭವೆನಿಸಿದ ಬಾಸ್ತೀಯ್ ಕೋಟೆಯ ಪತನಕ್ಕೆ ಇನ್ನೂ ಏಳು ತಿಂಗಳಿತ್ತು. 1787ರಲ್ಲಿ ಲವಾಸಿಯೆ ಮತ್ತು ಸಂಗಡಿಗರು ರಾಸಾಯನಿಕ ವಸ್ತುಗಳಿಗೆ ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. 1788 ಹೊಸ ರಸಾಯನಶಾಸ್ತ್ರಕ್ಕಾಗಿ ಗಂಡಹೆಂಡಿರಿಬ್ಬರೂ ಬರಹದ ಮೂಲಕ ಹೋರಾಡಿದ ವರ್ಷ. ಆ ವರ್ಷದಲ್ಲಿ ತಮ್ಮನ್ನು ಲೋಕ ಯಾವ ರೂಪದಲ್ಲಿ ನೆನೆಯಬೇಕೆಂದು ಅವರು ಯೋಚಿಸಿದ್ದರೆ ಉತ್ತರ ಪ್ರಯೋಗಶಾಲೆಯೇ ಆಗಿರುತ್ತಿತ್ತು. ಕಲಾವಿದನ ಪಾಲೂ ಇದರಲ್ಲಿದೆ ಎಂದು ನನಗನಿಸುತ್ತದೆ. ಟೋಪಿಯ ಫ್ಯಾಷನ್ ಒಂದೆರಡು ವರ್ಷದಲ್ಲಿ ಹಳತಾಗುತ್ತದೆ. ಪ್ರಾಚೀನರ ಸರಳತೆಯನ್ನು ಧ್ಯೇಯವಾಗಿಟ್ಟುಕೊಂಡವನಿಗೆ ಅದು ಬೇಡದ ಹೊರೆ. ಟೋಪಿಯನ್ನು ತೆಗೆದಾಗ ಆಕೆಯ ಹಣೆ, ಕೂದಲು ಮತ್ತು ಗೋಡೆಯ ನಡುವಿನ ರೇಖೆ ಸ್ವಚ್ಛವಾಯಿತು. ಕಪಾಟನ್ನು ಅಳಿಸಿದಾಗ ಇಬ್ಬರೂ ಶಿಲ್ಪದಂತೆ ಎದ್ದು ನಿಂತರು.

ಹಾಗೆಂದು ಮೇಲಿನ ಚಿತ್ರ ನಿಜ, ಕೆಳಗಿನದು ಸುಳ್ಳು ಎಂದು ತಿಳಿಯಬಾರದು. ಆ ಗಾಜಿನ ಪಾತ್ರೆಗಳನ್ನೂ, ಹಿತ್ತಾಳೆಯ ಬಿರಡೆಗಳನ್ನೂ, ಪ್ಯಾರಿಸ್ಸಿನ ಉತ್ತಮ ಕುಶಲಕರ್ಮಿಗಳಿಂದ ಮಾಡಿಸಿದ ತಕ್ಕಡಿಗಳನ್ನೂ ಕೊಂಡದ್ದು ಉಪ್ಪು, ತಂಬಾಕಿನ ತೆರಿಗೆಯಿಂದ ಬಂದ ಹಣ. ದವೀದನಿಗೆ ಸಂದ 7,000 ಲೀವ್ರ್‌ಗಳೂ ಅದೇ ಸಂಪತ್ತಿನ ಭಾಗ. ಸರಳತೆಯ ಸಂಕೇತವಾಗಿ ಕಾಣುವ ಆ ಬಿಳಿ ಉಡುಪಿಗೂ ಬೇರೆಯ ಕಥೆಯಿದೆ. ತೆಳುವಾದ ಬಿಳಿ ಮಸ್ಲಿನ್ ಉಡುಪನ್ನು ಫ್ಯಾಷನ್ ಮಾಡಿದವಳು ರಾಣಿ ಮರೀ ಆಂತ್ವಾನೆತ್. ಅಂಥ ಉಡುಪಿನಲ್ಲಿ ರಾಣಿಯನ್ನು ಚಿತ್ರಿಸಿದ ಕಲಾವಿದೆ ವಿಜೇ ಲಬ್ರ್ಯಾಂಳ ಕೃತಿ 1783ರ ಪ್ರದರ್ಶನದಲ್ಲಿ ಗದ್ದಲ ಎಬ್ಬಿಸಿ, ಅದನ್ನು ಗೋಡೆಯಿಂದ ತೆಗೆಯಬೇಕಾಯಿತು. ನವಿರಾದ ಮಸ್ಲಿನ್ ಆಗ ಬಂಗಾಳದಿಂದ ಯುರೋಪಿಗೆ ಹೋಗುತ್ತಿದ್ದ ದುಬಾರಿ ಸರಕು.

ನವ-ಅಭಿಜಾತ ಶೈಲಿ ಯಾರ ಕಡೆ ಇತ್ತು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಹುಡುಕಬೇಕು. ಕಳ್ಳಸಾಗಣೆ ತಡೆಯಲು ಪ್ಯಾರಿಸ್ಸಿನ ಸುತ್ತ ಗೋಡೆ ಕಟ್ಟಬೇಕೆಂಬ ಸಲಹೆ ಕೊಟ್ಟವನು ಲವಾಸಿಯೆಯೇ. 1780ರ ದಶಕದ ನಡುವಿನಲ್ಲಿ ಆ ಗೋಡೆಯ ಕೆಲಸ ಆರಂಭವಾಯಿತು. ಅದರ ಸುಂಕದ ಕಟ್ಟೆಗಳನ್ನು ವಾಸ್ತುಶಿಲ್ಪಿ ಲದೂ ಗ್ರೀಕ್, ರೋಮನ್ ಕಂಬಗಳ ಭವ್ಯ ಶೈಲಿಯಲ್ಲಿ ವಿನ್ಯಾಸ ಮಾಡಿದ. 1789ರ ಜುಲೈನಲ್ಲಿ, ಬಾಸ್ತೀಯ್ ಮೇಲೆ ನುಗ್ಗುವ ಮೊದಲೇ, ಜನ ಇವುಗಳಲ್ಲಿ ಹಲವಕ್ಕೆ ಬೆಂಕಿ ಇಟ್ಟರು. ದವೀದನ ಕುಂಚದಲ್ಲಿ ಗಣರಾಜ್ಯದ ಸದ್ಗುಣಗಳ ಭಾಷೆಯಾಗಿದ್ದ ಶೈಲಿ ಬೀದಿಯ ಬಡವನಿಗೆ ಉಪ್ಪು, ವೈನಿನ ಸುಂಕ ಕಟ್ಟುವ ಬಾಗಿಲಾಗಿತ್ತು.

ಮುಂದಿನದು ಬೇಗ ನಡೆಯಿತು. 1789ರ ಆಗಸ್ಟ್ ಮೊದಲ ವಾರದಲ್ಲಿ ಆರ್ಸೆನಾಲ್‌ನಿಂದ ಸಿಡಿಮದ್ದನ್ನು ಹೊರಗೆ ಸಾಗಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ, ಲವಾಸಿಯೆ ರೊಚ್ಚಿಗೆದ್ದ ಜನರ ಕೈಯಿಂದ ಕೂದಲೆಳೆಯಲ್ಲಿ ಪಾರಾದ. ಅದೇ ತಿಂಗಳ ಕೊನೆಯಲ್ಲಿ ಲೂವ್ರ್‌ನಲ್ಲಿ ನಡೆಯಬೇಕಿದ್ದ ‘ಸಲೋನ್’ ಪ್ರದರ್ಶನಕ್ಕೆ ಈ ಭಾವಚಿತ್ರವನ್ನು ಕಳುಹಿಸದಿರುವುದೇ ಕ್ಷೇಮವೆಂದು ತೀರ್ಮಾನವಾಯಿತು. ಆ ಪ್ರದರ್ಶನದಲ್ಲಿ ಯಾವ ಚಿತ್ರಗಳಿದ್ದವು ಎಂದು ನೋಡುವಾಗ ಕನ್ನಡಿಗರ ಕಣ್ಣು ಒಂದು ಕಡೆ ನಿಲ್ಲುತ್ತದೆ. ಬ್ರಿಟಿಷರ ವಿರುದ್ಧ ಫ್ರಾನ್ಸಿನ ನೆರವು ಕೇಳಲು ಟಿಪ್ಪು ಸುಲ್ತಾನ ಕಳುಹಿಸಿದ್ದ ಮೂವರು ರಾಯಭಾರಿಗಳನ್ನು ಅರಸ ಹದಿನಾರನೆಯ ಲೂಯಿ 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಬರಮಾಡಿಕೊಂಡಿದ್ದ. ಅವರಲ್ಲಿ ಮೊಹಮ್ಮದ್ ದರ್ವೇಶ್ ಖಾನನನ್ನು ವಿಜೇ ಲಬ್ರ್ಯಾಂ ಆಳೆತ್ತರದ ಚಿತ್ರವಾಗಿ ಬರೆದಳು: ಬಿಳಿಯ ನಿಲುವಂಗಿ, ಕೈಯಲ್ಲಿ ಖಡ್ಗ. ಲವಾಸಿಯೆ ದಂಪತಿಗಳ ಚಿತ್ರ ಕಾಣದೆ ಹೋದ 1789ರ ಸಲೋನ್‌ನಲ್ಲಿ ಶ್ರೀರಂಗಪಟ್ಟಣದ ರಾಯಭಾರಿಯ ಚಿತ್ರ ಪ್ಯಾರಿಸ್ಸಿನ ಜನರ ಎದುರಿಗಿತ್ತು.

ದವೀದ್ ಕ್ರಾಂತಿಯ ಮುಂಚೂಣಿಗೆ ಹೋದ. 1792ರಲ್ಲಿ ರಾಷ್ಟ್ರೀಯ ಸಭೆಗೆ ಆಯ್ಕೆಯಾಗಿ, 1793ರ ಜನವರಿಯಲ್ಲಿ ಅರಸನ ಮರಣದಂಡನೆಯ ಪರವಾಗಿ ಮತ ಹಾಕಿ, ಅದೇ ವರ್ಷ ಬಂಧನಗಳ ಅಧಿಕಾರವಿದ್ದ ಸಾಮಾನ್ಯ ಭದ್ರತಾ ಸಮಿತಿಯ ಸದಸ್ಯನಾದ. ನವೆಂಬರಿನಲ್ಲಿ ತೆರಿಗೆ ಇಜಾರೆದಾರರ ಬಂಧನಕ್ಕೆ ಆಜ್ಞೆ ಹೊರಟಾಗ ಲವಾಸಿಯೆ ತಾನಾಗಿ ಶರಣಾದ. 1794ರ ಮೇ 8ರಂದು 28 ಇಜಾರೆದಾರರ ತಲೆ ಕಡಿದರು. ಅವರಲ್ಲಿ ಲವಾಸಿಯೆಯೂ ಇದ್ದ, ಅವನ ಮಾವ ಪೋಲ್ಜ್‌ನೂ ಇದ್ದ. ಮರೀ-ಆನ್ ಒಂದೇ ದಿನ ಗಂಡನನ್ನೂ ತಂದೆಯನ್ನೂ ಕಳೆದುಕೊಂಡಳು. ಆಸ್ತಿ ಜಪ್ತಿಯಾಯಿತು, ಆಕೆಯೂ ಕೆಲಕಾಲ ಸೆರೆಯಲ್ಲಿದ್ದಳು. ‘ಸಾಕ್ರಟೀಸನ ಮರಣ’ವನ್ನು ದವೀದನಿಂದ ಬರೆಸಿದ್ದ ತ್ರೂದೆನ್ ದ ಲಾ ಸಾಬ್ಲಿಯೇರ್ ಕೂಡ ಅದೇ ವರ್ಷದ ಜುಲೈನಲ್ಲಿ ಗಿಲೊಟಿನ್‌ಗೆ ಬಲಿಯಾದ. ಕೆಲವೇ ದಿನಗಳಲ್ಲಿ ಕ್ರಾಂತಿ ಸರ್ಕಾರದ ಪ್ರಬಲ ನಾಯಕ ರೋಬೆಸ್ಪಿಯೇರ್ ಅಧಿಕಾರದಿಂದ ಬಿದ್ದು, ದವೀದನೂ ಜೈಲು ಸೇರಿದ. ಆ ಮೇಲೆ ಅವನು ಬದುಕಿ, ನೆಪೋಲಿಯನ್ನನ ಮುಖ್ಯ ಚಿತ್ರಕಾರನಾಗಿ, ಕೊನೆಗೆ ದೇಶ ಬಿಟ್ಟು 1825ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ. ತನ್ನ ಶಿಷ್ಯೆಯ ಮನೆಯ ದುರಂತಕ್ಕೆ ಕಾರಣವಾದ ಆಡಳಿತದಲ್ಲಿ ಈ ದೊಡ್ಡ ಕಲಾವಿದ ಪಾಲುದಾರನಾಗಿದ್ದ ಎಂಬುದನ್ನು ಅವನ ಚಿತ್ರಗಳನ್ನು ಮೆಚ್ಚುವ ನಾವು ಮರೆಯಕೂಡದು.

ಮರೀ-ಆನ್ ಮಾತ್ರ ಈ ಚಿತ್ರವನ್ನು ಬಿಟ್ಟುಕೊಡಲಿಲ್ಲ. ಗಂಡನ ಉಳಿದ ಬರಹಗಳನ್ನು ಒಟ್ಟುಗೂಡಿಸಿ ಹೊರತಂದಳು. ಮುಂದೆ ಭೌತವಿಜ್ಞಾನಿ ಕೌಂಟ್ ರಮ್‌ಫರ್ಡ್‌ನನ್ನು ಮದುವೆಯಾದಾಗಲೂ ಲವಾಸಿಯೆ ಎಂಬ ಹೆಸರನ್ನು ಉಳಿಸಿಕೊಂಡಳು; ಆ ದಾಂಪತ್ಯ ಬಹಳ ಕಾಲ ನಿಲ್ಲಲಿಲ್ಲ. 1836ರಲ್ಲಿ ತೀರಿಕೊಳ್ಳುವವರೆಗೆ ದವೀದನ ಚಿತ್ರ ಆಕೆಯ ಸ್ವತ್ತಾಗಿಯೇ ಇತ್ತು. ಬಳಿಕ ಅದು ಬಂಧುಗಳಾದ ಶಾಝೆಲ್ ಮನೆತನಕ್ಕೆ ಹೋಗಿ, ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಲ್ಲಿದ್ದು, 1925ರಲ್ಲಿ ಅಮೆರಿಕದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಕೈಸೇರಿತು. ಆತ ಅದನ್ನು ನ್ಯೂಯಾರ್ಕಿನ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕೊಟ್ಟ. 1977ರಲ್ಲಿ ರೈಟ್ಸ್‌ಮನ್ ದಂಪತಿಗಳ ಕೊಡುಗೆಯಿಂದ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬಂತು. ಪ್ರಯೋಗಶಾಲೆಯ ಉಪಕರಣಗಳಲ್ಲಿ ಅನೇಕವು ಪ್ಯಾರಿಸ್ಸಿನ ‘ಆರ್ ಎ ಮೆತಿಯೆ’ ಮ್ಯೂಸಿಯಂನಲ್ಲಿವೆ. ಲವಾಸಿಯೆಯ ಗ್ರಂಥ ಮತ್ತು ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದೆ.

ನ್ಯೂಯಾರ್ಕಿಗೆ ಹೋಗಲಾಗದವರಿಗೂ ಈ ಚಿತ್ರ ದೂರವಿಲ್ಲ. ಮ್ಯೂಸಿಯಂ ಇದರ ಸ್ಪಷ್ಟವಾದ ದೊಡ್ಡ ಪ್ರತಿಯನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಮನೆಗೆ ಹೋದ ಮೇಲೆ ಅದನ್ನು ತೆರೆದು, ಮರೀ-ಆನ್‌ಳ ಕೂದಲಿನ ಮೇಲಿನ ಗೋಡೆಯನ್ನು, ಮೇಜಿನ ಕೆಂಪು ಬಟ್ಟೆಯನ್ನು ಮತ್ತು ಎಡಗಡೆಯ ಕುರ್ಚಿಯನ್ನು ದೊಡ್ಡದು ಮಾಡಿ ನೋಡಬೇಕೆಂದು ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ.